ಸೈಟು ಕೊಳ್ಳುವ ಮೊದಲು ನೆಲದ ಹಳೆ ಕತೆ ಕೇಳಿ

1964ರಲ್ಲಿ ಜಪಾನಿನ ನೀಗಾಟಾದಲ್ಲಿ ಭೂಕಂಪವಾದಾಗ ಕೆಲವು ಅಪಾರ್ಟ್‌ಮೆಂಟುಗಳು ಒಡೆಯಲಿಲ್ಲ, ಇಡಿಯಾಗಿ ಮಗ್ಗುಲಿಗೆ ವಾಲಿದವು. ಗೋಡೆ ಗಟ್ಟಿಯಿತ್ತು, ನೆಲ ಕೈಕೊಟ್ಟಿತ್ತು. ಸಡಿಲ ಮರಳು ನೀರು ಕುಡಿದು ನಿಂತಿದ್ದಾಗ ಭೂಮಿ ಅಲುಗಿದರೆ, ಕಾಳಿಗೆ ಕಾಳು ಹಿಡಿದಿದ್ದ ಹಿಡಿತ ತಪ್ಪುತ್ತದೆ. ಭಾರವೆಲ್ಲ ನೀರಿನ ಮೇಲೆ ಬಿದ್ದು ನೆಲ ಅಂಬಲಿಯಾಗುತ್ತದೆ. ಇದೇ ಲಿಕ್ವಿಫ್ಯಾಕ್ಷನ್.

ಹುಬ್ಬಳ್ಳಿಯವರಿಗೆ ಇದೆಲ್ಲ ಯಾಕೆ ಅಂತೀರಾ? ಭೂಕಂಪ ತಾಳುವ ಕಟ್ಟಡಗಳಿಗೆ ಇರುವ ಭಾರತೀಯ ಮಾನದಂಡ ಐಎಸ್ 1893. ಅದರ 2016ರ ಪಟ್ಟಿಯಲ್ಲಿ ಧಾರವಾಡ ಭೂಕಂಪ ವಲಯ 3ರಲ್ಲಿದೆ, ಅಂದರೆ ಮಧ್ಯಮ ಅಪಾಯದ ವಲಯ. ಹಾಗಂತ ಸುಮ್ನೆ ಹೆದರಬೇಡಿ. ನಮ್ಮ ಎರಿ ಮಣ್ಣು ಜಿಗುಟು, ಅದು ಹೀಗೆ ನೀರಾಗುವುದಿಲ್ಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಅದರ ತಂಟೆ, ಅದು ಬೇರೆ ಮಾತು. ಅನುಮಾನ ಪಡಬೇಕಾದ್ದು ಹಾವೇರಿ ಕಡೆ ವರದಾ, ತುಂಗಭದ್ರಾ ದಂಡೆಯ ಮರಳು ನೆಲ, ಹಳ್ಳದ ಪಾತ್ರ, ಕೆರೆ ಮುಚ್ಚಿ ಮಾಡಿದ ಲೇಔಟು.

ಮೊದಲು ಹಳೆಯ ಗ್ರಾಮ ನಕ್ಷೆ ತರಿಸಿ. ಹಳ್ಳ, ಕೆರೆಯಂಗಳ ಎಲ್ಲಿತ್ತು ನೋಡಿ. ಅಲ್ಲೇ ಹುಟ್ಟಿ ಬೆಳೆದ ಹಿರಿಯರನ್ನೂ ಕೇಳಿ, ಏಜೆಂಟ್ ಹೇಳದ್ದನ್ನು ಅವರು ಹೇಳುತ್ತಾರೆ. ಮೇಲೆ ಎರಡಡಿ ಗರಸು ಹಾಕಿ ರೋಲರ್ ಓಡಿಸಿದರೆ ಯಾವ ಜಾಗವೂ ಗಟ್ಟಿಯಾಗೇ ಕಾಣುತ್ತದೆ.

ಆಮೇಲೆ ನೀರು. ಮಳೆಗಾಲ ಮುಗಿದ ಕೂಡಲೇ ಅಕ್ಕಪಕ್ಕದ ಬಾವಿಗಳಲ್ಲಿ ನೀರು ಎಷ್ಟು ಆಳಕ್ಕಿದೆ ಅಳೆಯಿರಿ. ಬೇಸಿಗೆಯ ಅಳತೆ ನಂಬಬೇಡಿ.

ಮಣ್ಣು ನೋಡಲು ಬಾಟಲಿಯಲ್ಲಿ ಒಂದು ಹಿಡಿ ಹಾಕಿ, ನೀರು ಸುರಿದು ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಜಿಗುಟು ಮಣ್ಣಿದ್ದರೆ ಮರುದಿನವೂ ನೀರು ಕದಡೇ ಇರುತ್ತದೆ. ಇದು ಮೇಲ್ಮಣ್ಣಿನ ಸುದ್ದಿ ಅಷ್ಟೇ. ಒಳಗಿನದಕ್ಕೆ ಬೋರ್ ಹೊಡೆಸಿ ಎಸ್‌ಪಿಟಿ, ಅಂದರೆ ಕೊಳವೆ ಬಡಿದಿಳಿಸಿ ನೆಲದ ಗಟ್ಟಿತನ ಅಳೆಯುವ ಪರೀಕ್ಷೆ, ಮಾಡಿಸಬೇಕು. 63.5 ಕಿಲೋ ಸುತ್ತಿಗೆ 75 ಸೆಂಟಿಮೀಟರ್ ಎತ್ತರದಿಂದ ಬೀಳುತ್ತದೆ. ಕೊಳವೆ 30 ಸೆಂಟಿಮೀಟರ್ ಇಳಿಯಲು ಬೇಕಾದ ಏಟುಗಳೇ ಎನ್ ಸಂಖ್ಯೆ. ನೀರಿನಡಿಯ ಮರಳಿನಲ್ಲಿ, ಐದು ಮೀಟರ್ ಆಳದೊಳಗೆ ಅದು 15ಕ್ಕಿಂತ ಕಡಿಮೆ ಬಂದರೆ ಇಂಜಿನಿಯರ್ ಜೊತೆ ಕೂತು ಮಾತಾಡಿ. ಖರ್ಚು ಜಾಸ್ತಿ ಅನ್ನಿಸಿದರೆ ಅಕ್ಕಪಕ್ಕದ ಸೈಟಿನವರು ಸೇರಿ ಮಾಡಿಸಬಹುದು.

ಪಾಯದ ವಿಷಯದಲ್ಲಿ ಒಂದೇ ಮಾತು: ಸಡಿಲ ಮರಳನ್ನು ಮೊದಲು ದಮ್ಮಸು ಮಾಡಿ ಗಟ್ಟಿ ಮಾಡಿಸಬೇಕು, ಇಲ್ಲವೇ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಉದ್ದ ಕಂಬ, ಅದನ್ನು ದಾಟಿ ಗಟ್ಟಿ ನೆಲ ಮುಟ್ಟಬೇಕು. ಮನೆಯ ಒಂದೊಂದು ಕಂಬಕ್ಕೂ ಬಿಡಿಬಿಡಿಯಾಗಿ ಹಾಕುವ ಪಾಯ ಇಂಥ ನೆಲಕ್ಕೆ ಬೇಡ.

ಒಬ್ಬರ ಮನೆ ನಿಂತರೆ ಓಣಿ ನಿಂತಂತಲ್ಲ. 2011ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನೆಲದೊಳಗಿಂದ ಕೆಸರು ಉಕ್ಕಿ ಬೀದಿ ತುಂಬಿತು, ನೀರಿನ ಪೈಪು, ಒಳಚರಂಡಿ ಮುರಿದವು. ಸಾವಿರಾರು ವಿದ್ಯಾರ್ಥಿಗಳು ಸಲಿಕೆ ಹಿಡಿದು ಕೆಸರು ಎತ್ತಿದರು. ತೀರಾ ಕೆಟ್ಟ ನೆಲದಲ್ಲಿ ಮತ್ತೆ ಕಟ್ಟುವುದೇ ಬೇಡವೆಂದು ಸರ್ಕಾರ ಸಾವಿರಾರು ಮನೆಗಳನ್ನು ಕೊಂಡು ತೆರವು ಮಾಡಿತು. ಹಾಗಾಗಿ ಲೇಔಟಿಗೆ ಪೈಪು ಹಾಕುವಾಗ ಬಾಗುವ ಜೋಡಣೆ ಕೇಳಿ. ವಾರ್ಡಿನಲ್ಲಿ ಸಲಿಕೆ, ಬುಟ್ಟಿ, ಕುಡಿಯುವ ನೀರಿನ ಟ್ಯಾಂಕು ಎಲ್ಲಿವೆ ಎಂದು ಬರೆದಿಡಿ. ಮಣ್ಣಿನ ವರದಿಯ ಪ್ರತಿ ಖರೀದಿ ಪತ್ರದ ಜೊತೆಗೇ ಇರಲಿ, ಮುಂದೆ ಇನ್ನೊಂದು ಅಂತಸ್ತು ಏರಿಸುವಾಗ ಮೊದಲು ಬೇಕಾಗುವುದು ಅದೇ.