ಹೊರದೇಶದ ಯುದ್ಧಾಪರಾಧಿಗೆ ನಮ್ಮೂರ ಜೈಲು: ಹೌದು ಅಥವಾ ಬೇಡ ಅನ್ನುವ ಮುಂಚೆ ನೋಡಬೇಕಾದದ್ದು

ನಾನಿರುವುದು ಇಂಗ್ಲೆಂಡಿನ ಡರಮ್‌ನಲ್ಲಿ. ಊರಿನ ಉತ್ತರಕ್ಕೆ ಬ್ರಾಸೈಡ್ ಅಂತ ಒಂದು ಹಳ್ಳಿ, ಅಲ್ಲೇ ಫ್ರಾಂಕ್‌ಲ್ಯಾಂಡ್ ಜೈಲು. ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ನನ್ನು 2013ರ ಅಕ್ಟೋಬರ್‌ನಲ್ಲಿ ಬ್ರಿಟನ್‌ಗೆ ಕರೆತಂದು ಆ ಜೈಲಿಗೆ ಹಾಕಿದರು. ಶಿಕ್ಷೆ 50 ವರ್ಷ. ಅಪರಾಧ ನಡೆದದ್ದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ. ವಿಚಾರಣೆ ನಡೆದದ್ದು ನೆದರ್‌ಲ್ಯಾಂಡ್ಸ್‌ನ ಹೇಗ್‌ನಲ್ಲಿ. ಊಟ, ಔಷಧಿ, ಕಾವಲಿನ ಖರ್ಚು ಮಾತ್ರ ಇಲ್ಲಿ ತೆರಿಗೆ ಕಟ್ಟುವವರದು. ಅದರಲ್ಲಿ ನಾನೂ ಒಬ್ಬಳು.

"ನಮಗ್ಯಾಕೆ ಬೇಕಿತ್ತು ಇದು?" ಅಂತ ಅಕ್ಕಪಕ್ಕದವರು ಕೇಳಿದರು. ಇಲ್ಲಿನ ಕನ್ನಡದ ಗೆಳೆಯರೂ ಕೇಳಿದರು. ಬೆಲ್ಜಿಯಂನಲ್ಲಿರುವ ಕನ್ನಡಿಗರಿಗೂ ಇದೇ ಪ್ರಶ್ನೆ ಬಂದಿರಬಹುದು. 2022ರ ಡಿಸೆಂಬರ್‌ನಲ್ಲಿ ಕಾಂಗೋದ ಬಂಡುಕೋರ ನಾಯಕ ಬಾಸ್ಕೊ ಎನ್‌ಟಗಾಂಡಾನನ್ನು ಅಲ್ಲಿಗೆ ಕಳಿಸಿದರು. ಮರುವರ್ಷ ಡಿಸೆಂಬರ್‌ನಲ್ಲಿ ಉಗಾಂಡಾದ ಬಂಡುಕೋರ ಕಮಾಂಡರ್ ಡೊಮಿನಿಕ್ ಒಂಗ್ವೆನ್ ನಾರ್ವೆಯ ಪಾಲಿಗೆ ಬಂದ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಟ್ಟುಕೊಳ್ಳಬೇಕು. ಆದರೆ ಕೆಲವು ವಿಷಯಗಳನ್ನು ಮುಂಚೆಯೇ ಬರೆದು ಒಪ್ಪಿಕೊಂಡ ಮೇಲೆ. ನೀವು ಇದನ್ನು ಒಪ್ಪಬೇಕು ಅಂತೇನಿಲ್ಲ. ನಿಮ್ಮದೇ ತೀರ್ಮಾನಕ್ಕೆ ಬರಲು ಏನೇನು ನೋಡಬೇಕು ಅನ್ನುವುದನ್ನು ಮಾತ್ರ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು, ಶಿಕ್ಷೆ ಕೊಟ್ಟವರು ಯಾರು ಅಂತ ನೋಡಿ

ಚರ್ಚೆ ದಾರಿ ತಪ್ಪುವುದು ಇಲ್ಲೇ. ಮೂರು ಬೇರೆ ಬೇರೆ ವಿಷಯಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ.

ಒಂದು ದೇಶಕ್ಕೆ ಬೇಕಾದ ಆರೋಪಿಯನ್ನು ಇನ್ನೊಂದು ದೇಶ ಹಿಡಿದು ಕೊಡುವುದು ಹಸ್ತಾಂತರ. ಅದು ಬೇರೆ. ಹೊರದೇಶದಲ್ಲಿ ಶಿಕ್ಷೆ ಆದವರು ಉಳಿದ ಅವಧಿಯನ್ನು ತಮ್ಮ ದೇಶದ ಜೈಲಿನಲ್ಲಿ ಕಳೆಯುವುದು ಇನ್ನೊಂದು. ಭಾರತದಲ್ಲಿ ಅದಕ್ಕೆ 2003ರ ಖೈದಿಗಳ ವಾಪಸಾತಿ ಕಾಯ್ದೆ ಇದೆ. ಅಲ್ಲಿ ಖೈದಿ ಮನೆ ಕಡೆ ಹೋಗುತ್ತಾನೆ. ನಾವು ಮಾತಾಡುತ್ತಿರುವುದು ಮೂರನೆಯದು. ಅಪರಾಧಿ ನಮ್ಮ ಪ್ರಜೆ ಅಲ್ಲ, ಅಪರಾಧ ನಮ್ಮ ನೆಲದ್ದಲ್ಲ, ತೀರ್ಪು ನಮ್ಮ ಕೋರ್ಟಿನದಲ್ಲ. ಆದರೂ ಜೈಲು ನಮ್ಮದು.

ಇದರೊಳಗೂ ಒಂದು ಗೆರೆ ಎಳೆಯಬೇಕು. ವಿಶ್ವಸಂಸ್ಥೆಯ ಬೆಂಬಲ ಇರುವ ನ್ಯಾಯಮಂಡಳಿಯೋ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವೋ ಶಿಕ್ಷೆ ಕೊಟ್ಟಿದ್ದರೆ ನಾನು ಮುಂದಿನ ಪ್ರಶ್ನೆಗೆ ಹೋಗುತ್ತೇನೆ. ಯಾವುದೋ ಒಂದು ಸರ್ಕಾರದ ಕೋರ್ಟು ತನ್ನ ಶತ್ರುವಿಗೆ ಶಿಕ್ಷೆ ಕೊಟ್ಟು "ನಿಮ್ಮಲ್ಲಿ ಇಟ್ಟುಕೊಳ್ಳಿ" ಅಂದರೆ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ವಕೀಲರು ಇದ್ದರಾ, ಮೇಲ್ಮನವಿಗೆ ಅವಕಾಶ ಇತ್ತಾ, ಎರಡೂ ಕಡೆಯವರ ಮೇಲೆ ಮೊಕದ್ದಮೆ ಹೂಡಿದರಾ ಅಂತ ನೋಡಬೇಕು. ಟೇಲರ್‌ಗೆ ಶಿಕ್ಷೆ ಕೊಟ್ಟ ಸಿಯೆರಾ ಲಿಯೋನ್‌ನ ವಿಶೇಷ ನ್ಯಾಯಾಲಯ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದು ಬಂಡುಕೋರರಿಗೂ ಶಿಕ್ಷೆ ಕೊಟ್ಟಿತು, ಸರ್ಕಾರದ ಪರ ಹೋರಾಡಿದ ಪಡೆಯ ನಾಯಕರಿಗೂ ಕೊಟ್ಟಿತು.

ಅವರ ದೇಶದಲ್ಲೇ ಇಡಬಾರದಾ?

ಎಲ್ಲರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದದ್ದು. ಉತ್ತರಕ್ಕೆ ಆ ಕೋರ್ಟುಗಳು ಕೆಲಸ ಮಾಡುವ ರೀತಿ ಗೊತ್ತಿರಬೇಕು.

ಅಂತರರಾಷ್ಟ್ರೀಯ ಕೋರ್ಟುಗಳಿಗೆ ಸ್ವಂತ ಜೈಲು ಇಲ್ಲ. ಹೇಗ್‌ನ ಶೆವೆನಿಂಗನ್‌ನಲ್ಲಿ ವಿಚಾರಣೆ ಮುಗಿಯುವ ತನಕ ಇಡುವ ಬಂಧನ ಕೇಂದ್ರ ಇದೆ, ಅಷ್ಟೇ. ಯುಗೊಸ್ಲಾವಿಯಾದ ಯುದ್ಧಗಳಿಗಾಗಿ 1993ರಲ್ಲಿ ನ್ಯಾಯಮಂಡಳಿ ಹುಟ್ಟಿದಾಗಲೇ ಅದರ ನಿಯಮದಲ್ಲಿ ಇದನ್ನು ಬರೆದಿದ್ದರು. ಶಿಕ್ಷೆಯಾದವರನ್ನು ಇಟ್ಟುಕೊಳ್ಳಲು ಒಪ್ಪಿದ ದೇಶಗಳ ಪಟ್ಟಿ ಇರಬೇಕು, ಅದರಿಂದ ಒಂದನ್ನು ಕೋರ್ಟು ಆರಿಸಬೇಕು. ಇಟಲಿ, ಫಿನ್‌ಲ್ಯಾಂಡ್, ನಾರ್ವೆ, ಸ್ವೀಡನ್, ಸ್ಪೇನ್, ಎಸ್ಟೋನಿಯಾ ಹೀಗೆ ಕೈಜೋಡಿಸಿದವು. ಈಗಿನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ್ದೂ ಇದೇ ಕ್ರಮ. ಯಾರೂ ಮುಂದೆ ಬರದಿದ್ದರೆ ಹೊರೆ ನೆದರ್‌ಲ್ಯಾಂಡ್ಸ್ ಮೇಲೆ ಬೀಳುತ್ತದೆ.

ಟೇಲರ್ ವಿಷಯವನ್ನೇ ತಗೊಳ್ಳಿ. ಸಿಯೆರಾ ಲಿಯೋನ್‌ನ ಅಂತರ್ಯುದ್ಧ 1991ರಿಂದ 2002ರ ತನಕ ನಡೆಯಿತು. ಬಂಡುಕೋರರು ಸಾಮಾನ್ಯ ಜನರ ಕೈ ಕಡಿದರು, ಮಕ್ಕಳ ಕೈಗೆ ಬಂದೂಕು ಕೊಟ್ಟರು. ಅವರಿಗೆ ಪಕ್ಕದ ದೇಶದಿಂದ ಬೆಂಬಲ ಕೊಟ್ಟವನು ಟೇಲರ್. 2006ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದ. ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್‌ನಲ್ಲೇ ವಿಚಾರಣೆ ನಡೆಸಿದರೆ ಆ ಭಾಗ ಮತ್ತೆ ಹೊತ್ತಿಕೊಳ್ಳಬಹುದು ಅನ್ನುವ ಭಯ ಇತ್ತು. ಅದಕ್ಕೆ ಹೇಗ್‌ಗೆ ಸ್ಥಳಾಂತರಿಸುವ ಯೋಚನೆ ಬಂತು. ನೆದರ್‌ಲ್ಯಾಂಡ್ಸ್ ಒಂದು ಷರತ್ತು ಹಾಕಿತು: ಜಾಗ ಕೊಡುತ್ತೇವೆ, ಆದರೆ ತೀರ್ಪಿನ ನಂತರ ಈತ ನಮ್ಮಲ್ಲಿ ಉಳಿಯಬಾರದು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ, 2006ರ ಜೂನ್‌ನಲ್ಲಿ, ಶಿಕ್ಷೆಯಾದರೆ ನಾವು ಇಟ್ಟುಕೊಳ್ಳುತ್ತೇವೆ ಅಂತ ಬ್ರಿಟನ್ ಮಾತು ಕೊಟ್ಟಿತು. ಅದಕ್ಕಾಗಿಯೇ 2007ರಲ್ಲಿ ಒಂದು ಕಾನೂನೂ ಮಾಡಿತು.

ಇದನ್ನು ನಿಧಾನವಾಗಿ ಯೋಚಿಸಿ. ಆ ಮಾತು ಇಲ್ಲದಿದ್ದರೆ ಆ ವಿಚಾರಣೆ ಹೇಗ್‌ನಲ್ಲಿ ಶುರುವೇ ಆಗುತ್ತಿರಲಿಲ್ಲ. 2012ರ ಏಪ್ರಿಲ್‌ನಲ್ಲಿ 11 ಆರೋಪಗಳಲ್ಲೂ ಆತ ತಪ್ಪಿತಸ್ಥ ಅಂತ ತೀರ್ಪು ಬಂತು. ಜೈಲಿನ ಕೋಣೆ ಅನ್ನುವುದು ತೀರ್ಪಿನ ನಂತರದ ವಿಷಯ ಅಂದುಕೊಳ್ಳುತ್ತೇವೆ. ಇಲ್ಲಿ ಕೋಣೆ ಮೊದಲು ಬಂತು, ನ್ಯಾಯಾಧೀಶರು ಆಮೇಲೆ ಬಂದರು. ನನ್ನ ಮನಸ್ಸು ಹೌದು ಅನ್ನುವುದಕ್ಕೆ ಇದೇ ಮುಖ್ಯ ಕಾರಣ.

ನಾನು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ಫ್ರೀಟೌನ್‌ನಿಂದ ಬಂದ ಸಹೋದ್ಯೋಗಿಯೊಬ್ಬಳು ಇದ್ದಳು. "ಅವನು ಇಲ್ಲಿದ್ದಾನೆ, ಅಲ್ಲಿಲ್ಲ. ನನ್ನ ಅಮ್ಮ ನಿದ್ದೆ ಮಾಡ್ತಾಳೆ" ಅಂದಿದ್ದಳು. ಎಲ್ಲರ ಮಾತು ಇದೇ ಆಗಿರಬೇಕಿಲ್ಲ. ಅಪರಾಧಿ ತಮ್ಮ ಕಣ್ಣೆದುರು ಶಿಕ್ಷೆ ಅನುಭವಿಸಬೇಕು ಅನ್ನುವವರೂ ಇದ್ದಾರೆ, ಅದೂ ನ್ಯಾಯವಾದ ಆಸೆಯೇ. ಹಾಗಾಗಿ ತೀರ್ಮಾನ ಮಾಡುವ ಮುಂಚೆ ನೊಂದವರು ಏನು ಹೇಳುತ್ತಾರೆ ಅಂತ ಹುಡುಕಿ ಓದಿ. ನಮ್ಮ ಬೀದಿಯವರ ಅಭಿಪ್ರಾಯ ಅದರ ನಂತರ.

ಖರ್ಚಿನ ಮಾತು

ಖರ್ಚು ಇದೆ, ಇಲ್ಲ ಅನ್ನಲು ಆಗುವುದಿಲ್ಲ. ದಿನದಿನದ ವೆಚ್ಚ ಸಾಮಾನ್ಯವಾಗಿ ಇಟ್ಟುಕೊಂಡ ದೇಶದ್ದೇ. ಆದರೆ ಈ ಮಾತು ಬಂದಾಗ ನಾನು ಮಾಲಿ ದೇಶದ ಹೆಸರು ಹೇಳುತ್ತೇನೆ. ರುವಾಂಡಾ ನರಮೇಧದ ಅಪರಾಧಿಗಳನ್ನು ಇಟ್ಟುಕೊಳ್ಳಲು ಮೊಟ್ಟಮೊದಲು, 1999ರಲ್ಲಿ, ಸಹಿ ಹಾಕಿದ್ದು ಮಾಲಿ. ಜಗತ್ತಿನ ತುಂಬಾ ಬಡ ದೇಶಗಳಲ್ಲಿ ಒಂದು ಅದು. ಆಮೇಲೆ ಬೆನಿನ್ ಕೂಡ ಒಪ್ಪಿತು. ನರಮೇಧ ಪ್ರಕರಣದಲ್ಲಿ 35 ವರ್ಷ ಶಿಕ್ಷೆಯಾಗಿದ್ದ ಕರ್ನಲ್ ತಿಯೊನೆಸ್ತ್ ಬಗೊಸೊರಾ 2021ರಲ್ಲಿ ಸತ್ತದ್ದು ಮಾಲಿಯಲ್ಲೇ, ಖೈದಿಯಾಗಿ. ಮಾಲಿಗೆ ಹೊರಲು ಆದದ್ದು ಬ್ರಿಟನ್‌ಗೆ ಆಗುವುದಿಲ್ಲ ಅಂದರೆ ನನಗೆ ನಾಚಿಕೆ ಆಗುತ್ತದೆ.

ಭಾರತದಲ್ಲಿ ಕೂತು ಓದುವವರಿಗೆ ಇನ್ನೊಂದು ವಿಷಯ. 2000ದಲ್ಲಿ ಸಿಯೆರಾ ಲಿಯೋನ್‌ನ ಕೈಲಾಹುನ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ 200ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಟೇಲರ್ ಬೆಂಬಲಿಸಿದ್ದ ಇದೇ ಬಂಡುಕೋರರು ಸುತ್ತುವರಿದಿದ್ದರು. ಜುಲೈನಲ್ಲಿ ಆಪರೇಷನ್ ಖುಕ್ರಿ ನಡೆಸಿ ಅವರನ್ನು ಬಿಡಿಸಿದರು. ಆ ಬಂಡುಕೋರ ಗುಂಪಿನ ಮೂವರು ನಾಯಕರಿಗೆ 2009ರಲ್ಲಿ ಶಿಕ್ಷೆಯಾಯಿತು. ಆರೋಪಗಳಲ್ಲಿ ಶಾಂತಿಪಾಲಕರ ಮೇಲಿನ ದಾಳಿಯೂ ಇತ್ತು. ಅವರನ್ನೂ ಸೇರಿಸಿ ಎಂಟು ಜನರನ್ನು ಆ ವರ್ಷ ಅಕ್ಟೋಬರ್‌ನಲ್ಲಿ ರುವಾಂಡಾದ ಮ್ಪಾಂಗಾ ಜೈಲಿಗೆ ಕಳಿಸಿದರು. ಸಿಯೆರಾ ಲಿಯೋನ್‌ನಲ್ಲಿ ಅಂಥವರನ್ನು ಭದ್ರವಾಗಿ ಇಡುವ ಜೈಲು ಇರಲಿಲ್ಲ. ಅಂದರೆ ನಮ್ಮ ಸೈನಿಕರನ್ನು ಮುತ್ತಿದ್ದ ಗುಂಪಿನ ನಾಯಕರಿಗೆ ಕೋಣೆ ಕೊಟ್ಟದ್ದು ತಾನೇ ನರಮೇಧದಿಂದ ಎದ್ದು ಬಂದಿದ್ದ ಒಂದು ಪುಟ್ಟ ದೇಶ.

ಒಪ್ಪಂದ ಓದುವಾಗ ಎಲ್ಲಿ ಬೆರಳಿಡಬೇಕು

ಇಂಥ ಒಪ್ಪಂದಗಳು ಬಹಳ ಉದ್ದ ಇರುವುದಿಲ್ಲ. ಕೂತು ಓದಬಹುದು. ಮೊದಲು ಹುಡುಕಬೇಕಾದದ್ದು ಬಿಡುಗಡೆಯ ಅಧಿಕಾರ ಯಾರದು ಅನ್ನುವುದು.

ಬಿಲ್ಯಾನಾ ಪ್ಲಾವ್ಶಿಚ್ ಬೋಸ್ನಿಯಾದ ಸರ್ಬ್ ನಾಯಕಿ. ತಪ್ಪೊಪ್ಪಿಕೊಂಡಳು, 2003ರಲ್ಲಿ 11 ವರ್ಷ ಶಿಕ್ಷೆಯಾಯಿತು, ಸ್ವೀಡನ್‌ನ ಮಹಿಳಾ ಜೈಲಿಗೆ ಹೋದಳು. ಸ್ವೀಡನ್‌ನ ಕಾನೂನಿನಲ್ಲಿ ಮೂರನೇ ಎರಡು ಭಾಗ ಮುಗಿದರೆ ಬಿಡುಗಡೆಗೆ ಅರ್ಹತೆ. ಯುಗೊಸ್ಲಾವಿಯಾ ನ್ಯಾಯಮಂಡಳಿಯ ಅಧ್ಯಕ್ಷರು ಒಪ್ಪಿದರು, 2009ರ ಅಕ್ಟೋಬರ್‌ನಲ್ಲಿ ಆಕೆ ಹೊರಗೆ ಬಂದಳು. ಬೋಸ್ನಿಯಾದಲ್ಲಿ ಗಂಡ, ಮಕ್ಕಳನ್ನು ಕಳೆದುಕೊಂಡವರು ಸಿಟ್ಟಾದರು. ಸಿಟ್ಟಾಗದೆ ಇನ್ನೇನು ಮಾಡುತ್ತಾರೆ? ಅಲ್ವಾ?

ಅದಕ್ಕೆ ಹೇಳುವುದು, ಎರಡು ಸಾಲು ನೋಡಿ. ಇಟ್ಟುಕೊಂಡ ದೇಶ ತಾನಾಗಿಯೇ ಶಿಕ್ಷೆ ಇಳಿಸಬಹುದಾ? ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ನಿಯಮದಲ್ಲಿ ಆಗುವುದಿಲ್ಲ. ಶಿಕ್ಷೆಯನ್ನು ಆ ದೇಶ ಬದಲಿಸುವಂತಿಲ್ಲ, ಪರಿಶೀಲನೆ ಕೋರ್ಟಿನದೇ. ಅದೂ ಮೂರನೇ ಎರಡು ಭಾಗ ಕಳೆದ ಮೇಲೆ, ಜೀವಾವಧಿಯಾದರೆ 25 ವರ್ಷದ ನಂತರ. ಎರಡನೆಯದು, ನಮ್ಮ ದೇಶದ ಸಾಮಾನ್ಯ ರಿಯಾಯಿತಿ ನಿಯಮ ಇವರಿಗೂ ತಾನಾಗಿಯೇ ಹತ್ತುತ್ತದಾ? ಹತ್ತಬಾರದು ಅನ್ನುವುದು ನನ್ನ ಅಭಿಪ್ರಾಯ. ಕಳ್ಳತನಕ್ಕೆ ಮಾಡಿದ ಲೆಕ್ಕ ಜನಾಂಗ ದಮನಕ್ಕೆ ಹೊಂದುವುದಿಲ್ಲ.

ಪ್ರತಿ ಖೈದಿಯ ವಿಷಯದಲ್ಲೂ ಬೇಡ ಅನ್ನುವ ಹಕ್ಕು ಉಳಿದಿದೆಯಾ ಅಂತಲೂ ನೋಡಿ. ಸಾಮಾನ್ಯವಾಗಿ ಉಳಿದಿರುತ್ತದೆ. ಸಹಿ ಹಾಕಿದರೆ ಸಾಲುಸಾಲಾಗಿ ಬಂದು ಬೀಳುತ್ತಾರೆ ಅನ್ನುವುದು ಸುಳ್ಳು ಭಯ.

ಖೈದಿಯ ಜೀವದ ಹೊಣೆ

ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಆದರೂ ಹೇಳಲೇಬೇಕು. ಬೋಸ್ನಿಯಾದ ಸ್ರೆಬ್ರೆನಿಟ್ಸಾ ಹತ್ಯಾಕಾಂಡದ ಪ್ರಕರಣದಲ್ಲಿ ಮೇಲ್ಮನವಿಯ ನಂತರ 35 ವರ್ಷ ಶಿಕ್ಷೆ ಉಳಿದ ಜನರಲ್ ರಾಡಿಸ್ಲಾವ್ ಕ್ರಿಸ್ಟಿಚ್‌ನನ್ನು 2004ರಲ್ಲಿ ಬ್ರಿಟನ್‌ಗೆ ತಂದರು. 2010ರ ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಜೈಲಿನಲ್ಲಿ ಮೂವರು ಖೈದಿಗಳು ಆತನ ಕುತ್ತಿಗೆ ಸೀಳಿದರು. ಬದುಕಿದ. ಆಮೇಲೆ ಪೋಲೆಂಡ್‌ಗೆ ಕಳಿಸಿದರು.

ಕೋರ್ಟು ಕೊಟ್ಟದ್ದು ಜೈಲು ಶಿಕ್ಷೆ, ಚಾಕು ಅಲ್ಲ. ಖೈದಿ ಸೇಡಿಗೆ ಬಲಿಯಾದರೆ ತೀರ್ಪಿನ ಬೆಲೆಯೂ ಹೋಗುತ್ತದೆ. ಹಾಗಾಗಿ ಯಾವ ಜೈಲು, ಜೊತೆಗೆ ಯಾರಿರುತ್ತಾರೆ, ಭಾಷೆ ಬಲ್ಲವರು ಇದ್ದಾರಾ ಅಂತ ಸರ್ಕಾರವನ್ನು ಕೇಳಿ. ಟೇಲರ್ ತನ್ನ ಜೀವದ ಭಯವನ್ನೂ ಕುಟುಂಬದ ಭೇಟಿ ಆಗುತ್ತಿಲ್ಲ ಅನ್ನುವುದನ್ನೂ ಮುಂದಿಟ್ಟು ರುವಾಂಡಾಕ್ಕೆ ಕಳಿಸಿ ಅಂತ ಅರ್ಜಿ ಹಾಕಿದ. 2015ರಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ನನಗೆ ಆ ನಿರ್ಧಾರ ಸರಿ ಅನಿಸಿತು. ಆದರೆ ಹೆಂಡತಿ ಮಕ್ಕಳ ವೀಸಾ ವಿಷಯವನ್ನು ಒಪ್ಪಂದದಲ್ಲೇ ಬರೆದಿಟ್ಟರೆ ಒಳ್ಳೆಯದು. ಶಿಕ್ಷೆ ಅವರಿಗಲ್ಲ.

ಶಿಕ್ಷೆ ಮುಗಿದ ಮೇಲೆ

ಯಾರೂ ಕೇಳದ ಪ್ರಶ್ನೆ ಇದೇ. ನನ್ನ ಪ್ರಕಾರ ಅತಿ ಕಷ್ಟದ್ದೂ ಇದೇ.

ರುವಾಂಡಾ ನರಮೇಧದ ವಿಚಾರಣೆ ನಡೆಸಿದ ನ್ಯಾಯಮಂಡಳಿಯಲ್ಲಿ ಖುಲಾಸೆಯಾದವರು, ಶಿಕ್ಷೆ ಮುಗಿಸಿದವರು ಕೆಲವರು ಅದು ಇದ್ದ ಊರು, ಟಾಂಜಾನಿಯಾದ ಅರುಷಾದಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿದ್ದರು. ಯಾವ ದೇಶವೂ ಬೇಕು ಅನ್ನಲಿಲ್ಲ. 2021ರ ಡಿಸೆಂಬರ್‌ನಲ್ಲಿ ಎಂಟು ಜನರನ್ನು ನೈಜರ್ ದೇಶ ಒಪ್ಪಂದ ಮಾಡಿಕೊಂಡೇ ಕರೆಸಿಕೊಂಡಿತು. ಅದೇ ತಿಂಗಳು ಹೊರಗೆ ಹೋಗಿ ಅಂತ ಆದೇಶವನ್ನೂ ಕೊಟ್ಟಿತು. ಕಾನೂನಿನ ಪ್ರಕಾರ ಅವರು ಖೈದಿಗಳಲ್ಲ, ಆದರೆ ಹೋಗಲು ಊರಿಲ್ಲ.

ಯುರೋಪಿನ ದೇಶಗಳಿಗೆ ಇಲ್ಲಿ ಇನ್ನೊಂದು ಗಂಟಿದೆ. ಚಿತ್ರಹಿಂಸೆಯ ಅಪಾಯ ಇರುವ ದೇಶಕ್ಕೆ ಯಾರನ್ನೂ ಕಳಿಸುವಂತಿಲ್ಲ. ತಾಯ್ನಾಡಿಗೆ ಕಳಿಸಲು ಆಗದಿದ್ದರೆ ಆತ ಇಲ್ಲೇ ಉಳಿಯಬಹುದು. ಅದಕ್ಕೆ ನಾನು ಹೌದು ಅನ್ನುವುದು ಒಂದು ಷರತ್ತಿನ ಮೇಲೆ: ಬಿಡುಗಡೆಯ ದಿನ ಯಾವ ದೇಶ ಕರೆದುಕೊಳ್ಳುತ್ತದೆ ಅನ್ನುವುದನ್ನು ಒಳಗೆ ಕರೆತರುವ ದಿನವೇ ಬರೆದಿಡಬೇಕು. ಟೇಲರ್ ಹುಟ್ಟಿದ್ದು 1948ರಲ್ಲಿ, ಶಿಕ್ಷೆಯ ಲೆಕ್ಕ 2006ರಿಂದ. ಆತನ ವಿಷಯದಲ್ಲಿ ಈ ಪ್ರಶ್ನೆ ಬಹುಶಃ ಬರುವುದೇ ಇಲ್ಲ. ಹತ್ತು, ಹದಿನಾಲ್ಕು ವರ್ಷದ ಶಿಕ್ಷೆಯವರ ವಿಷಯದಲ್ಲಿ ಬಂದೇ ಬರುತ್ತದೆ.

ತೀರ್ಮಾನ ಆದ ಮೇಲೆ ಏನು ಮಾಡುವುದು

ಬ್ರಿಟನ್‌ನಲ್ಲಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರಿಗೂ ಸಂಸತ್ ಚುನಾವಣೆಯಲ್ಲಿ ಓಟು ಇದೆ, ಕಾಮನ್‌ವೆಲ್ತ್ ಪ್ರಜೆಗಳು ಅನ್ನುವ ಕಾರಣಕ್ಕೆ. ತುಂಬಾ ಜನ ಇದನ್ನು ಬಳಸುವುದೇ ಇಲ್ಲ. ಇಂಥ ಒಪ್ಪಂದಗಳನ್ನು ಅಂಗೀಕರಿಸುವ ಮುಂಚೆ 2010ರ ಕಾನೂನಿನ ಪ್ರಕಾರ ಸಂಸತ್ತಿನ ಮುಂದೆ ಇಡಬೇಕು. ಕಲಾಪ ನಡೆಯುವ 21 ದಿನ ಅವಕಾಶ ಇರುತ್ತದೆ. ಪತ್ರ ಬರೆಯುವ ಸಮಯ ಅದೇ. ಖೈದಿ ವಿಮಾನ ಹತ್ತಿದ ಮೇಲೆ ಬರೆದರೆ ಉಪಯೋಗ ಕಡಿಮೆ.

ಪತ್ರ ಒಂದು ಪುಟ ಸಾಕು. ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವ ನಿಮ್ಮ ನಿಲುವನ್ನು ಮೊದಲ ಸಾಲಿನಲ್ಲೇ ಹೇಳಿ. ಆಮೇಲೆ ಮೂರೇ ಪ್ರಶ್ನೆ ಕೇಳಿ: ಬಿಡುಗಡೆ ಯಾರ ಕೈಯಲ್ಲಿದೆ, ಆತನ ಭದ್ರತೆಗೆ ಏನು ವ್ಯವಸ್ಥೆ, ಕೊನೆಗೆ ಆತ ಎಲ್ಲಿಗೆ ಹೋಗುತ್ತಾನೆ. ನಿಮ್ಮ ವಿಳಾಸ ಹಾಕುವುದನ್ನು ಮರೆಯಬೇಡಿ. ತಮ್ಮ ಕ್ಷೇತ್ರದವರಲ್ಲದಿದ್ದರೆ ಸಂಸದರು ಸಾಮಾನ್ಯವಾಗಿ ಉತ್ತರಿಸುವುದಿಲ್ಲ. ಸಿದ್ಧ ಉತ್ತರ ಬಂದರೆ ಉತ್ತರ ಸಿಗದ ಪ್ರಶ್ನೆಯನ್ನಷ್ಟೇ ಎತ್ತಿ ಮತ್ತೆ ಬರೆಯಿರಿ. ಇಲ್ಲವೇ ಅವರು ಕ್ಷೇತ್ರದಲ್ಲಿ ಜನರನ್ನು ಭೇಟಿ ಮಾಡುವ ದಿನ ನೋಡಿಕೊಂಡು, ಒಪ್ಪಂದದ ಆ ಪುಟವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.