ಮಲೆನಾಡಿನ ಮನೆಗೆ ನ್ಯಾಸ್ ಸಾಕೇ, ಸರ್ವರ್ ಬೇಕೇ?

ಮದುವೆಯ ವಿಡಿಯೊ, ಮಕ್ಕಳ ಫೋಟೊ, ತೋಟದ ಪಹಣಿಯ ಸ್ಕ್ಯಾನ್ ಪ್ರತಿ, ಹೋಂಸ್ಟೇ ಲೆಕ್ಕ ಎಲ್ಲವೂ ನಾಲ್ಕಾರು ಮೊಬೈಲ್ ಮತ್ತು ಪೆನ್‌ಡ್ರೈವ್‌ಗಳಲ್ಲಿ ಚದುರಿರುತ್ತವೆ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿತು. ಉಳಿದ 15 ಜಿಬಿ ಯಾವ ಮೂಲೆಗೂ ಸಾಲದು. ಎಲ್ಲವನ್ನೂ ಮನೆಯಲ್ಲೇ ಒಂದೆಡೆ ಇಡಬೇಕೆನ್ನುವವರಿಗೆ ಎರಡು ದಾರಿಗಳಿವೆ. ಒಂದು ನ್ಯಾಸ್ (ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್): ಹಾರ್ಡ್‌ಡಿಸ್ಕ್ ತೂರಿಸಿ ರೌಟರ್‌ಗೆ ಜೋಡಿಸುವ ಸಿದ್ಧ ಪೆಟ್ಟಿಗೆ. ಸಿನಾಲಜಿ, ಕ್ಯುನ್ಯಾಪ್ ಮುಂತಾದ ಕಂಪನಿಗಳು ಇದನ್ನು ತಯಾರಿಸುತ್ತವೆ. ಇನ್ನೊಂದು ಹೋಂ ಸರ್ವರ್: ಹಳೆಯ ಡೆಸ್ಕ್‌ಟಾಪ್‌ಗೋ ಮಿನಿ ಪಿಸಿಗೋ ಓಪನ್‌ಮೀಡಿಯಾವಾಲ್ಟ್ ಅಥವಾ ಟ್ರೂನ್ಯಾಸ್ ಎಂಬ ಉಚಿತ ತಂತ್ರಾಂಶ ಹಾಕಿ ನಾವೇ ಕಟ್ಟಿಕೊಳ್ಳುವ ಯಂತ್ರ.

ಮೊದಲು ಕೆಲಸ ಯಾವುದೆಂದು ನೋಡಿ

ಕಡತ, ಫೋಟೊ ಕಾಯ್ದಿಡುವುದಷ್ಟೇ ಆದರೆ ಎರಡು ಡಿಸ್ಕ್‌ಗಳ ನ್ಯಾಸ್ ಧಾರಾಳವಾಯಿತು. ಜೆಲ್ಲಿಫಿನ್ ಎಂಬ ತಂತ್ರಾಂಶದಲ್ಲಿ ಸಿನಿಮಾ, ಇಮ್ಮಿಚ್ ಎಂಬುದರಲ್ಲಿ ಮುಖ ಗುರುತಿಸುವ ಫೋಟೊ ಸಂಗ್ರಹ, ಜೊತೆಗೆ ಸಿಸಿಟಿವಿ ಎಲ್ಲವೂ ಒಂದರಲ್ಲೇ ನಡೆಯಬೇಕೆಂದರೆ ಸರ್ವರ್ ಹೆಚ್ಚು ಅನುಕೂಲ.

ಕರೆಂಟ್ ಲೆಕ್ಕ

ನಮ್ಮ ಸೀಮೆಯಲ್ಲಿ ನಿರ್ಧಾರ ಆಗಬೇಕಾದದ್ದು ಇಲ್ಲಿ. ಸುಮಾರು 20 ವ್ಯಾಟ್ ಎಳೆಯುವ ನ್ಯಾಸ್ ವರ್ಷವಿಡೀ ಓಡಿದರೆ 175 ಯೂನಿಟ್ ಆಗುತ್ತದೆ. 70 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್‌ಗೆ 613 ಯೂನಿಟ್. ಪುಕ್ಕಟೆ ಸಿಕ್ಕಿತೆಂದು ಹಳೆಯ ಯಂತ್ರ ತಂದವರು ಉಳಿಸಿದ ಹಣವನ್ನು ಮೆಸ್ಕಾಂ ಬಿಲ್ಲಿನಲ್ಲಿ ಕಟ್ಟುತ್ತಾರೆ. ಇಂಟೆಲ್‌ನ ಕಡಿಮೆ ವಿದ್ಯುತ್ತಿನ ಎನ್100 ಪ್ರೊಸೆಸರ್ ಇರುವ ಮಿನಿ ಪಿಸಿ ವಿದ್ಯುತ್ತಿನಲ್ಲಿ ನ್ಯಾಸ್‌ಗೆ ಸರಿಸಮ. ಆದರೆ ಅಂಥ ಹೆಚ್ಚಿನ ಪೆಟ್ಟಿಗೆಗಳಲ್ಲಿ ದೊಡ್ಡ ಹಾರ್ಡ್‌ಡಿಸ್ಕ್‌ಗೆ ಜಾಗವಿರುವುದಿಲ್ಲ.

ಬಿಲ್ಲಿಗಿಂತ ದೊಡ್ಡ ಚಿಂತೆ ಮಳೆಗಾಲದ್ದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಒಂದು ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಇನ್ವರ್ಟರ್ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಸಾಮಾನ್ಯ ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಆ ಅರೆಕ್ಷಣ ಬಲ್ಬಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಬಹುದು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಬದಲಿಸಿ. ಅದರ ಮೇಲೆ ಯುಎಸ್‌ಬಿ ಕೇಬಲ್ ಇರುವ ಸಣ್ಣ ಯುಪಿಎಸ್ ಒಂದನ್ನು ಕೊಳ್ಳಿ. ಬ್ಯಾಟರಿ ತಳ ಮುಟ್ಟುವ ಮೊದಲೇ ಡಿಸ್ಕ್‌ಗಳನ್ನು ನೆಟ್ಟಗೆ ಮುಚ್ಚುವ ಸೂಚನೆ ಆ ಕೇಬಲ್‌ನಲ್ಲೇ ಹೋಗುತ್ತದೆ. ನ್ಯಾಸ್‌ನಲ್ಲಿ ಇದು ಸೆಟ್ಟಿಂಗ್ಸ್‌ನ ಒಂದು ಪುಟದ ಕೆಲಸ. ಸರ್ವರ್‌ನಲ್ಲಿ ನಟ್ ಎಂಬ ತಂತ್ರಾಂಶವನ್ನು ಕೂತು ಹೊಂದಿಸಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೂ ಸಿದ್ಧರಿರಿ. ಮನೆಯಿಂದ ಅಡಿಕೆ ಕೊಟ್ಟಿಗೆಗೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿದ್ದರೆ ಸಿಡಿಲಿನ ಏಟು ಅದರಲ್ಲೇ ಒಳಬರಬಹುದು. ಅಷ್ಟು ದೂರಕ್ಕೆ ಫೈಬರ್ ಎಳೆಸಿ, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಪೆಟ್ಟಿಗೆಯನ್ನು ಹೊಗೆಯಾಡುವ ಅಟ್ಟದಲ್ಲಾಗಲೀ ಬಚ್ಚಲಿನ ಪಕ್ಕದ ಗೋಡೆಗಾಗಲೀ ಇಡಬೇಡಿ.

ಕೆಟ್ಟರೆ ಯಾರು ನೋಡುತ್ತಾರೆ?

ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಸುಟ್ಟರೆ ಶಿವಮೊಗ್ಗದ ಕಂಪ್ಯೂಟರ್ ಅಂಗಡಿಯಲ್ಲೇ ಬದಲಿ ಸಿಗುತ್ತದೆ. ನ್ಯಾಸ್‌ನ ಬೋರ್ಡ್ ಹೋದರೆ ಇಡೀ ಪೆಟ್ಟಿಗೆಯನ್ನು ಹೊರಊರಿಗೆ ಕಳುಹಿಸಿ ಕಾಯಬೇಕಾಗಬಹುದು. ಆದರೆ ಸರ್ವರ್‌ಗೆ ಅಪ್‌ಡೇಟ್, ಎಚ್ಚರಿಕೆಯ ಸಂದೇಶ, ಅನುಮತಿಗಳನ್ನೆಲ್ಲ ನೋಡಿಕೊಳ್ಳುವ ಒಬ್ಬರು ಮನೆಯಲ್ಲಿರಲೇಬೇಕು. ಮಗ ಬೆಂಗಳೂರಿನಲ್ಲಿದ್ದು, ಹೊಸನಗರದ ಮನೆಯಲ್ಲಿ ತಂದೆತಾಯಿ ಇಬ್ಬರೇ ಇದ್ದರೆ ನಾನು ಎರಡು ಮಾತಿಲ್ಲದೆ ನ್ಯಾಸ್ ಎನ್ನುತ್ತೇನೆ. ಫೋನಿನಲ್ಲಿ ಹೇಳಿಕೊಟ್ಟು ಸರಿಪಡಿಸಬಹುದಾದದ್ದು ಅದೊಂದೇ.

ಡಿಸ್ಕ್ ಕೊಳ್ಳುವಾಗ

ಯಾವ ದಾರಿ ಹಿಡಿದರೂ ಡಿಸ್ಕ್ ಸಿಎಂಆರ್ ಬಗೆಯದೇ ಆಗಿರಲಿ, ಅಂದರೆ ದತ್ತಾಂಶದ ಪಟ್ಟಿಗಳು ಒಂದರ ಮೇಲೊಂದು ಬೀಳದೆ ಪಕ್ಕಪಕ್ಕದಲ್ಲಿರುವುದು. ಎಸ್‌ಎಂಆರ್ ಡಿಸ್ಕ್‌ನಲ್ಲಿ ದತ್ತಾಂಶದ ಪಟ್ಟಿಗಳು ಹೆಂಚಿನಂತೆ ಒಂದರ ಮೇಲೊಂದು ಹಾಸಿರುವುದರಿಂದ, ಕೆಟ್ಟ ಡಿಸ್ಕ್ ತೆಗೆದು ಹೊಸದಕ್ಕೆ ಎಲ್ಲವನ್ನೂ ತುಂಬುವಾಗ ವೇಗ ಕುಸಿಯುತ್ತದೆ. ಡಬ್ಲ್ಯುಡಿ ರೆಡ್ ಸಾಲಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವೇ ಆಯಿತು. ಈಗ ಆ ಕಂಪನಿಯ ರೆಡ್ ಪ್ಲಸ್, ಸೀಗೇಟ್‌ನ ಐರನ್‌ವುಲ್ಫ್ ಎರಡೂ ಸಿಎಂಆರ್.

ಹೊರಗಿನಿಂದ ನೋಡಬೇಕೆಂದರೆ

ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದು ಪೆಟ್ಟಿಗೆಯನ್ನು ನೇರವಾಗಿ ಅಂತರ್ಜಾಲಕ್ಕೆ ಒಡ್ಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹಾಗೆ ತೆರೆದಿದ್ದ ಕ್ಯುನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ನಿಮ್ಮ ಫೋನನ್ನೂ ಮನೆಯ ಪೆಟ್ಟಿಗೆಯನ್ನೂ ಖಾಸಗಿ ಜಾಲದಲ್ಲಿ (ವಿಪಿಎನ್) ಜೋಡಿಸುವ ಟೇಲ್‌ಸ್ಕೇಲ್ ಬಳಸಿ, ಪೋರ್ಟ್ ತೆರೆಯುವ ಗೊಡವೆಯೇ ಇರುವುದಿಲ್ಲ.

ಎರಡನೆಯ ಪ್ರತಿ

ಎರಡು ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಬರೆಯುವ ರೇಡ್ 1 ಇದ್ದರೆ ಬ್ಯಾಕಪ್ ಆಯಿತೆಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆ ನನ್ನನ್ನು ನಿಜಕ್ಕೂ ಕಂಗೆಡಿಸುತ್ತದೆ. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲದಂತೆ ರೇಡ್ ಕಾಯುತ್ತದೆ, ಅಷ್ಟೇ. ಕೈತಪ್ಪಿ ಅಳಿಸಿದ ಫೋಟೊ ಎರಡರಲ್ಲೂ ಅದೇ ಗಳಿಗೆಯಲ್ಲಿ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಸುಡುತ್ತವೆ. ಹಾಗಾಗಿ ಒಂದು ಯುಎಸ್‌ಬಿ ಡಿಸ್ಕ್‌ಗೆ ತಿಂಗಳಿಗೊಮ್ಮೆ ಪ್ರತಿ ತೆಗೆದು, ಗೂಢಲಿಪಿಯ ಬೀಗ ಹಾಕಿ, ಬೇರೆ ಊರಿನ ನೆಂಟರ ಮನೆಯಲ್ಲಿ ಸಿಲಿಕಾ ಜೆಲ್ ಚೀಲದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಮುಂದಿನ ಸಲ ಅದನ್ನು ತಂದಾಗ ಹೊಸ ಪ್ರತಿ ಬರೆಯುವ ಮೊದಲು ಹಳೆಯದರಿಂದ ಒಂದು ವಿಡಿಯೊ, ಒಂದು ಪಹಣಿ ತೆರೆದು ನೋಡಿ. ತೆರೆಯದಿದ್ದರೆ ಆ ಡಿಸ್ಕನ್ನು ಅಂದೇ ಬದಲಿಸಿ.