ಸರ್ಪಸುತ್ತು ಬಂದರೆ ಮನಸ್ಸಿನ ವಿಷಯವನ್ನೂ ಡಾಕ್ಟರಿಗೆ ಹೇಳಿ

ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಔಷಧಿ ಅಂಗಡಿ. ಸರ್ಪಸುತ್ತಿಗೆ ಮುಲಾಮು ಕೇಳಿಕೊಂಡು ಬರುವವರ ಪಕ್ಕೆಯ ಮೇಲೆ ಎಷ್ಟೋ ಸಲ ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಅದನ್ನು ಮೆಲ್ಲಗೆ ತೊಳೆಯಿರಿ. ಗುಳ್ಳೆ ಒಡೆಯಬೇಡಿ.

ಇದು ನಾಗದೋಷ ಅಲ್ಲ. ಹಿಂದೆ 'ಅಮ್ಮ' ಆಗಿತ್ತಲ್ವಾ, ಆ ಚಿಕನ್‌ಪಾಕ್ಸ್ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ದೇಹದ ಶಕ್ತಿ ಕುಗ್ಗಿದಾಗ ಏಳುತ್ತದೆ. ಮೈಯ ಒಂದೇ ಪಕ್ಕದಲ್ಲಿ ಉರಿ, ಆಮೇಲೆ ಗುಳ್ಳೆ. ಗುಳ್ಳೆ ಕಂಡ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಹೋದರೆ ಅಸೈಕ್ಲೋವಿರ್‌ನಂಥ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಣ್ಣಿನ ಹತ್ತಿರ ಬಂದರೆ ಅದೇ ದಿನ ಹೋಗಿ.

ಅಲ್ಲಿ ಸುಮ್ನೆ ಗುಳ್ಳೆ ತೋರಿಸಿ ಎದ್ದು ಬರಬೇಡಿ. ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಅಂತಿದ್ದರೆ ಬಾಯಿಬಿಟ್ಟು ಹೇಳಿ. ಅದು ಖಿನ್ನತೆ ಇರಬಹುದು, ಅದಕ್ಕೂ ದೇಹದ ಶಕ್ತಿಗೂ ನಂಟಿದೆ. 60 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಖಿನ್ನತೆ ಇದ್ದೂ ಅದರ ಮಾತ್ರೆ ತೆಗೆದುಕೊಳ್ಳದವರ ದೇಹ ಸರ್ಪಸುತ್ತಿನ ಲಸಿಕೆಗೆ ಕಮ್ಮಿ ಸ್ಪಂದಿಸಿತ್ತು. ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ ಹಾಗಾಗಲಿಲ್ಲ. ಬೇಜಾರಾದವರಿಗೆಲ್ಲ ಸರ್ಪಸುತ್ತು ಬರುತ್ತದೆ ಅಂತಲ್ಲ. ಆದರೆ ಖಿನ್ನತೆಯ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನಮ್ಮ ಕೌಂಟರಿನಲ್ಲಿ 'ಈಗ ಆರಾಮಿದೀನಿ, ಬೇಡ' ಅನ್ನುವವರು ಜಾಸ್ತಿ! ನಿಲ್ಲಿಸುವುದಿದ್ದರೆ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ. ಮನಸ್ಸಿನ ವಿಷಯ ಮಾತಾಡಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ, ಉಚಿತ.

50 ದಾಟಿದವರಿಗೆ ಲಸಿಕೆ ಇದೆ. ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ದುಬಾರಿ, ಮೊದಲೇ ಬೆಲೆ ವಿಚಾರಿಸಿಕೊಳ್ಳಿ.